ಮಂಜು ಬುಡ್ನಿಲ್ಲ

ಹೋದ ಮಾಘದಲ್ಲಿ ನನ್ನ ತಮ್ಮನ ಮೊಮ್ಮಗಳ ಮದುವೆಗೆಂದು ನಾನೂ ನನ್ನ ಮಗಳು ಸುಶೀಲಳೂ ಬೆಂಗಳೂರಿನಿಂದ ಬೆಳಗಿನ ರೈಲಿನಲ್ಲಿ ಮಂಡ್ಯಕ್ಕೆ ಹೊರಟಿದ್ದೆವು. ಚನ್ನಪಟ್ಟಣ ದಾಟುವವರೆಗೆ ಎಲ್ಲ ಸರಿಯಾಗಿತ್ತು. ಆಮೇಲೆ ಕಿಟಕಿಯಾಚೆ ತೆಂಗಿನ ಮರಗಳು ಒಂದೊಂದಾಗಿ ಮಾಯವಾದವು, ಗದ್ದೆ ಮಾಯವಾಯಿತು, ಕೊನೆಗೆ ಹಳಿಯ ಪಕ್ಕದ ಜಲ್ಲಿಯೂ ಕಾಣದಾಯಿತು. ಶಿಂಷಾ ಸೇತುವೆ ಇನ್ನೇನು ಬಂತು ಅನ್ನುವಾಗ ರೈಲು ಮೆಲ್ಲಗೆ ನಿಂತೇಬಿಟ್ಟಿತು. ತೆರೆದ ಕಿಟಕಿಯಿಂದ ಬಂದ ಗಾಳಿಯಲ್ಲಿ ಒದ್ದೆ ಹುಲ್ಲು, ಆಲೆಮನೆಯ ಹೊಗೆ, ಇಂಜಿನ್ನಿನ ಎಣ್ಣೆ ಮೂರೂ ಬೆರೆತ ವಾಸನೆಯಿತ್ತು. ಅದು ಮೂಗಿಗೆ ತಾಕಿದ್ದೇ ತಡ, ಮದ್ದೂರು ಹತ್ತಿರ ಬಂತೆಂದು ತಿಳಿಯಿತು.

"ಯಾಕವ್ವಾ ರೈಲು ನಿಂತುಹೋಯ್ತು?" ಎಂದಳು ಸುಶೀಲ.

ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಎರಡೇ ಮಾತು. ಆದರೆ ಆ ಎರಡು ಮಾತನ್ನು ಅವಳಪ್ಪ ತೀರಿಕೊಂಡ ಮೇಲೆ ನಾನು ಯಾರ ಮುಂದೆಯೂ ಆಡಿರಲಿಲ್ಲ. ಕೇಳಿಸದವಳಂತೆ ಕಿಟಕಿಯ ಕಡೆ ತಿರುಗಿ ಕೂತೆ.

ದೊಡ್ಡ ಯುದ್ಧ ಮುಗಿದ ವರ್ಷದ ಚಳಿಗಾಲ ಅದು. ನಾನು ಕೊತ್ತತ್ತಿಯ ಹುಡುಗಿ. ನಾಲೆ ಬಂದು ಊರಿಗೆ ನೀರಾಗಿ, ನಮ್ಮಪ್ಪನ ಕೈಯಲ್ಲಿ ನಾಲ್ಕು ಕಾಸು ಓಡಾಡಲು ಶುರುವಾದ ಕಾಲದಲ್ಲಿ ಬೆಳೆದವಳು. ಮಂಡ್ಯದಲ್ಲಿ ಮಿಡ್ಲ್ ಸ್ಕೂಲಿನ ಎಲ್.ಎಸ್. ಪರೀಕ್ಷೆ ಪಾಸು ಮಾಡಿದ್ದೆ ಎಂಬ ಜಂಬವೂ ಇತ್ತು. ನನ್ನನ್ನು ಕೊಟ್ಟಿದ್ದು ಮದ್ದೂರಿನ ರೈಲು ಮನೆಗೆ. ಮಾವ ಮರಿಗೌಡರು ಮದ್ದೂರು ಸ್ಟೇಷನ್ನಿನಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್. ಮಗ, ಅಂದರೆ ನಮ್ಮವರು, ಇಂಜಿನ್ನಿಗೆ ಕಲ್ಲಿದ್ದಲು ಹಾಕುವ ಫೈರ್‌ಮನ್. ಮದುವೆಯಾದದ್ದು ಯುದ್ಧ ನಡೆಯುತ್ತಿದ್ದಾಗಲೇ. ಹದಿನೈದು ದಿನ ಕಳೆದಿರಲಿಲ್ಲ, ಯುದ್ಧದ ಸಾಮಾನು ಸಾಗಿಸಲು ಜನ ಸಾಲದೆಂದು ನಮ್ಮ ಕಡೆಯ ಕೆಲವರನ್ನು ಉತ್ತರದ ಲೈನಿಗೆ ಎರವಲು ಕರೆಸಿಕೊಂಡರು. ಇವರೂ ಹೋದರು. ಮೊದಲು ಬಯಲು ಸೀಮೆಯ ಯಾವುದೋ ಶೆಡ್ಡಿನಲ್ಲಿದ್ದರು. ಆಮೇಲೆ ಕ್ವೆಟ್ಟಾ ಎಂಬ ಊರಿನಾಚೆಯ ಬೆಟ್ಟದ ಲೈನಿಗೆ ಹಾಕಿದರಂತೆ. ನಮ್ಮತ್ತೆ ತಾಯಮ್ಮನ ಬಾಯಲ್ಲಿ ಆ ಊರು 'ಕೊಟ್ಟ' ಆಗಿತ್ತು. "ಕೊಟ್ಟಕ್ಕೆ ಓದ ನನ್ ಮಗ ನಮ್ಗೆ ಕೈಕೊಟ್ಟೇಬುಟ್ಟ" ಎಂದು ಕಣ್ಣು ಒರೆಸಿಕೊಳ್ಳುತ್ತಿದ್ದರು.

ನಮ್ಮವರಿಗೆ ಕಾಗದ ಬರೆಯುವ ಅಭ್ಯಾಸವೇ ಇರಲಿಲ್ಲ. ಯಾವಾಗಲಾದರೂ ಒಂದು ಕಾರ್ಡು ಬಂದರೆ ಅದರಲ್ಲಿ 'ಕ್ಷೇಮ' ಬಿಟ್ಟು ಇನ್ನೊಂದು ಅಕ್ಷರವಿಲ್ಲ. ಯುದ್ಧ ಮುಗಿದ ಮೇಲೆ ಬಂದ ಕಾರ್ಡಿನಲ್ಲಿ ಮಾತ್ರ 'ಕಾರ್ತೀಕ ಕಳೆದ ಮೇಲೆ ರಜಾದಲ್ಲಿ ಬರುತ್ತೇನೆ' ಎಂದಿತ್ತು. ಆ ಒಂದು ಸಾಲನ್ನು ನಾನು ಎಷ್ಟು ಸಲ ಓದಿದೆನೋ. ಗೋಡೆಯ ಗೂಟದಲ್ಲಿ ಅವರು ಬಿಟ್ಟುಹೋಗಿದ್ದ ಒಂದು ಅಂಗಿ ನೇತಾಡುತ್ತಿತ್ತು. ಅತ್ತೆ ಒಗೆಯಲು ಕೇಳಿದರೂ ನಾನು ಕೊಟ್ಟಿರಲಿಲ್ಲ. ಅದರಲ್ಲಿ ಕಲ್ಲಿದ್ದಲಿನ, ಎಣ್ಣೆಯ ವಾಸನೆ ಇನ್ನೂ ಉಳಿದಿತ್ತು. ಹದಿನೈದು ದಿನದ ಗಂಡ ನನಗೆ ಉಳಿದಿದ್ದೇ ಅಷ್ಟು.

ಮದ್ದೂರಿನ ಚಳಿಗಾಲವೆಂದರೆ ಮಂಜು. ನಾಲೆ ಬಂದ ಮೇಲೆ ಅದೂ ಹೆಚ್ಚಾಯಿತೆಂದು ಹಳಬರು ಹೇಳುತ್ತಿದ್ದರು. ಒಂದು ಕಡೆ ಶಿಂಷಾ ಹೊಳೆ, ಒಂದು ಕಡೆ ಕೆರೆ, ಸುತ್ತ ಗದ್ದೆ. ಬೆಳಗಾದರೆ ಎಲ್ಲದರಿಂದಲೂ ಎದ್ದು ಬರುತ್ತಿತ್ತು. ರೈಲಿಗೆ ಸಿಗ್ನಲ್ ಕೊಡುವ ಕೈಕಂಬ ಕಾಣದಷ್ಟು ಮಂಜು ಬಿದ್ದ ದಿನ ಮಾವನಿಗೆ ಕೆಲಸ ಜಾಸ್ತಿ. ತಲೆಗೆ ಕಂಬಳಿ ಕೊಪ್ಪೆ ಹಾಕಿಕೊಂಡು, ಕೈಯಲ್ಲಿ ಲ್ಯಾಂಪು ಹಿಡಿದು, ಹಳಿಯ ಗುಂಟ ನಡೆದು ಹೋಗಿ, ಕೈಕಂಬಕ್ಕೂ ಎಷ್ಟೋ ಮುಂಚೆಯೇ ಹಳಿಯ ಮೇಲೆ ಎರಡು ಪಟಾಕಿ ಕಟ್ಟಿ ಬರುತ್ತಿದ್ದರು. ಪಟಾಕಿಯೆಂದರೆ ಹಬ್ಬದ್ದಲ್ಲ, ಅಂಗೈಯಷ್ಟು ಚಪ್ಪಟೆ ತಗಡಿನ ಡಬ್ಬಿ, ಒಳಗೆ ಮದ್ದು. ಇಂಜಿನ್ನಿನ ಚಕ್ರ ಹತ್ತಿದರೆ ಢಮ್ ಎನ್ನುತ್ತಿತ್ತು. ಆ ಸದ್ದು ಕೇಳಿದ ಡ್ರೈವರ್‌ಗೆ ಕಣ್ಣಿಗೆ ಕಾಣದ ಮದ್ದೂರು ಕಿವಿಗೆ ಬಂತು ಎಂದು ಅರ್ಥ. ಗಾಡಿ ನಿಧಾನ ಮಾಡಿ ಕೈಕಂಬ ಹುಡುಕಿಕೊಂಡು ಬರುತ್ತಿದ್ದ. ಇದೇ ಸದ್ದಿಗೆ ನಮ್ಮ ಕ್ವಾರ್ಟರ್ಸಿನಲ್ಲಿ ಅತ್ತೆ ಮುದ್ದೆಗೆ ಎಸರಿಡುತ್ತಿದ್ದರು.

ಮಾವನಿಗೆ ಈ ಕೆಲಸದಲ್ಲಿ ಭಾರಿ ಹೆಮ್ಮೆ. "ನಾನ್ ಕೆಲ್ಸಕ್ಕೆ ಸೇರ್ದಾಗಿಂದ ಮಂಜಲ್ಲಿ ರೈಲು ಬುಡ್ತಾ ಇವ್ನಿ. ಒಂದ್ ದಿನಾನಾದ್ರೂ ಮಂಜು ನನ್ ರೈಲ ಇಡ್ಕೊಂಡ್ ಕುಂತಿದ್ದಾ? ಎಂಟು ಗಂಟೆ ಬಿಸ್ಲು ಬಿದ್ರೆ ಅದ್ರ ಕತೆ ಮುಗೀತು" ಎನ್ನುತ್ತಿದ್ದರು. ಈ ಹೆಮ್ಮೆಯೇ ನನ್ನ ಸಂಸಾರಕ್ಕೆ ಕುತ್ತು ತಂದಿತು ಎಂದರೆ ಯಾರೂ ನಂಬುವುದಿಲ್ಲ.

ಕಾರ್ತೀಕ ಕಳೆಯಿತು. ಇವರು ಬರಲಿಲ್ಲ. ಮಿಲಿಟರಿಯಿಂದ ಬಿಡುಗಡೆಯಾದವರು ಒಬ್ಬೊಬ್ಬರಾಗಿ ಮದ್ದೂರಿನಲ್ಲಿ ಇಳಿಯುತ್ತಿದ್ದರು. ಯಾರದೋ ಗಂಡ ಬಂದ, ಯಾರದೋ ಮಗ ಬಂದ. ಪ್ರತಿ ರೈಲಿಗೂ ನಾನು ನೀರಿನ ನೆಪ ಮಾಡಿ ಸ್ಟೇಷನ್ ಬಾವಿಯ ಹತ್ತಿರ ನಿಲ್ಲುತ್ತಿದ್ದೆ. ನಮ್ಮ ಮನೆಯ ಹಂಡೆ, ಗುಡಾಣಗಳು ಆ ತಿಂಗಳು ಬರಿದಾಗಿದ್ದೇ ಇಲ್ಲ.

ಧನುರ್ಮಾಸದ ಒಂದು ಮಧ್ಯಾಹ್ನ ಮಳವಳ್ಳಿಯ ರಸೂಲ್ ಎಂಬ ಮೆಕಾನಿಕ್ ರೈಲಿನಿಂದ ಇಳಿದ. ಯುದ್ಧದಲ್ಲಿ ಲಾರಿ ರಿಪೇರಿಗೆ ಹೋಗಿದ್ದವನು. ಹೆಗಲ ಮೇಲೆ ಹಾಸಿಗೆ ಸುರುಳಿ, ಆಚೆ ಮಳವಳ್ಳಿ ಬಸ್ಸು ಹಾರನ್ನು ಹೊಡೆಯುತ್ತಿದೆ. ಓಡುತ್ತಲೇ ನಮ್ಮ ಬಾಗಿಲಿಗೆ ಬಂದು ಅತ್ತೆಗೆ ಹೇಳಿದ:

"ಅಮ್ಮಾ, ನಿಮ್ ಮಗ ಕ್ವೆಟ್ಟಾ ಸ್ಟೇಷನ್ನಾಗೆ ಸಿಕ್ಕಿದ್ದ. ಚೆನ್ನಾಗವ್ನೆ. ಮಂಜು ಬುಡ್ನಿಲ್ಲ, ಅದ್ಕೇ ಬರಕ್ಕಾಗ್ನಿಲ್ಲ ಅಂತ ಯೋಳು ಅಂದ. ಬುಟ್ಟ ಮೇಲೆ ಬತ್ತನಂತೆ."

ಬಸ್ಸು ಹೊರಟಿತು, ಅವನೂ ಹೊರಟ.

ನಾನು ಒಳಗೆ ರಾಗಿ ಕೇರುತ್ತಿದ್ದವಳು ಮೊರ ಹಿಡಿದೇ ನಿಂತೆ. ಸಂಜೆ ಮಾವ ಬಂದಾಗ ಅತ್ತೆ ಅದನ್ನೇ ಹೇಳಿದರು. ಮಾವ ಮೊದಲು, "ಮಂಜು ಅಂದ್ರೆ ಮಂಜು ಇರಬೌದಾ?" ಎಂದರು. ಆಮೇಲೆ ತಾವೇ ತಲೆ ಅಲ್ಲಾಡಿಸಿದರು. "ಎಲ್ಲಾದ್ರೂ ಉಂಟಾ? ಎಂಟು ಗಂಟ್ಗೆ ಕರಗೋ ಮಂಜು ತಿಂಗ್ಳುಗಟ್ಲೆ ಇಡ್ಕೊಂಡದಾ? ಮಂಜಲ್ಲಿ ರೈಲು ಬುಡೋದು ನಂಗೇನ್ ಹೊಸ್ದಾ? ಇದು ಎಂಗ್ಸೇ ಕಣೇ. ಮಂಜು ಅಂತ ಯಾವಳೋ ಅವ್ಳೆ."

ಮನೆಯಲ್ಲಿ ಮಂಜಿನ ವಿಷಯ ಅವರಿಗಿಂತ ಬಲ್ಲವರಿರಲಿಲ್ಲ. ಅಲ್ಲಿಗೆ ತೀರ್ಮಾನವಾಯಿತು.

ಈಗ ಯೋಚಿಸಿದರೆ ನಗು ಬರುತ್ತದೆ. ಆಗ ಬರಲಿಲ್ಲ. ನಮ್ಮ ಕಡೆ ಮನೆಗೊಬ್ಬಳು ಮಂಜಿ, ಬೀದಿಗೊಬ್ಬಳು ಮಂಜಮ್ಮ. ಹೆಣ್ಣಿನ ಹೆಸರಲ್ಲದೆ ಮತ್ತೇನೆಂದು ತಿಳಿಯಬೇಕು? ಪುಸ್ತಕದಲ್ಲಿ ಹಿಮ ಎಂಬ ಮಾತನ್ನು ನಾನೂ ಓದಿದ್ದೆ. ಆದರೆ ಅದು ದೇವರು ತಪಸ್ಸಿಗೆ ಕೂರುವ ಜಾಗದ ಮಾತು. ಬಾಯಲ್ಲಿ ಆಡುವ ಮಾತಲ್ಲ. ನಮ್ಮ ಬಾಯಿಗೆ ಆಕಾಶದಿಂದ ಬೆಳ್ಳಗೆ ಇಳಿಯುವುದೆಲ್ಲ ಮಂಜೇ. ಎಲ್.ಎಸ್. ಪಾಸಾದ ನನಗೂ ಹೊಳೆಯಲಿಲ್ಲ. ಹೊಳೆಯುವುದಿರಲಿ, ನಾನು ಆ ಮಂಜುವಿಗೆ ಮುಖ ಮೂಗು ಎಲ್ಲ ಕೂರಿಸಿದ್ದೆ. ಬಿಳೀ ಬಣ್ಣ, ಎತ್ತರದ ಆಳು, ಪಂಜಾಬಿಗಳ ಹಾಗೆ ಪೈಜಾಮ ತೊಟ್ಟವಳು. ಕಣ್ಣು ಮಾತ್ರ ಸ್ವಲ್ಪ ಮೆಳ್ಳೆ ಇರಲಿ ಎಂದು ನಾನೇ ಸೇರಿಸಿಕೊಂಡಿದ್ದೆ.

ಅತ್ತೆ ಸುಮ್ಮನಿರುವ ಜೀವವಲ್ಲ. ನನ್ನನ್ನು ವೈದ್ಯನಾಥಪುರಕ್ಕೆ ಕರೆದುಕೊಂಡು ಹೋದರು. ಹೊಳೆಯಲ್ಲಿ ಮುಳುಗಿ ಎದ್ದು, ಒದ್ದೆ ಸೀರೆಯಲ್ಲೇ ಗುಡಿಯ ಮುಂದೆ ನಿಂತು ಕೈಮುಗಿದರು. "ಆ ಮಂಜಿಗೆ ಮೈಯೆಲ್ಲಾ ಕಜ್ಜಿ ಆಗ್ಲಪ್ಪಾ ವೈದ್ಯನಾಥ" ಎಂದರು. ನನಗೆ ಅಷ್ಟು ದುಃಖದಲ್ಲೂ ತಡೆಯಲಾಗಲಿಲ್ಲ. "ಅತ್ತೆಮ್ಮಾ, ಇದು ಕಜ್ಜಿ ವಾಸಿ ಮಾಡೋ ದೇವ್ರು" ಎಂದೆ. "ವಾಸಿ ಮಾಡಾಕೆ ಬರೋನ್ಗೆ ಕೊಡಾಕೆ ಬರಾಕಿಲ್ವಾ? ಸುಮ್ಕೆ ಕೈ ಮುಗಿ" ಎಂದು ಗದರಿದರು. ನಾನು ಕೈಮುಗಿದೆ. ಅವಳಿಗೆ ಕಜ್ಜಿಯಾಗಲಿ ಎಂದು ಕೇಳಲಿಲ್ಲ. ಅವರು ಬರಲಿ ಎಂದಷ್ಟೇ ಕೇಳಿದೆ. ಬಂದರೆ ಸಾಕು, ಬೈಯುವುದೆಲ್ಲ ಆಮೇಲೆ ನೋಡಿಕೊಂಡರಾಯಿತು ಎನ್ನುವಷ್ಟು ಆಸೆಯಾಗಿಬಿಟ್ಟಿತ್ತು.

ಸುದ್ದಿಗೆ ಕಾಲಿಲ್ಲದಿದ್ದರೂ ಕೊತ್ತತ್ತಿ ಮುಟ್ಟಿತು. ಅಪ್ಪ ಬಂದು ಜಗುಲಿಯ ಮೇಲೆ ಕೂತರು, ನೀರು ಕೊಟ್ಟರೂ ಮುಟ್ಟಲಿಲ್ಲ. "ಬೀಗ್ರೇ, ಸಂಕ್ರಾಂತಿ ಗಂಟ ನೋಡ್ತೀನಿ. ಅಷ್ಟ್ರೊಳ್ಗೆ ನಿಮ್ ಮಗ ಬರ್ನಿಲ್ಲ ಅಂದ್ರೆ ಮಗೀನ ಕರ್ಕೊಂಡೋಯ್ತೀನಿ. ನ್ಯಾಯ ಸೇರ್ಸಿ ಬುಡುಗಡೆ ಮಾಡಿಸ್ಕತೀನಿ. ನನ್ ಮಗ್ಳಿಗೆ ಇನ್ನೂ ಅದ್ನೆಂಟು ತುಂಬಿಲ್ಲ" ಎಂದರು. ಬಿಡುಗಡೆಯಾದ ಹೆಣ್ಣಿಗೆ ಇನ್ನೊಂದು ಗಂಡು ನೋಡುವುದು ಅಪ್ಪನಿಗೆ ಕಷ್ಟವಿರಲಿಲ್ಲ. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆ? ಗೂಟದ ಅಂಗಿ ಬಿಟ್ಟು ಬರಲು ಮನಸ್ಸಿಲ್ಲ ಎಂದು ಹೇಳಲಾಗುತ್ತದೆಯೇ?

ಸಂಕ್ರಾಂತಿ ಬಂತು. ಮದ್ದೂರಿನಲ್ಲಿ ದನಗಳಿಗೆ ಕಿಚ್ಚು ಹಾಯಿಸಿದರು. ಎಳ್ಳು ಬೀರಲು ಹೋದ ಕಡೆಯೆಲ್ಲ ಹೆಂಗಸರು ನನ್ನ ಮುಖವನ್ನೇ ನೋಡಿದರು. ಮಾರನೆಯ ಸಂಜೆ ಅಪ್ಪ ಬಂದರು. ನನ್ನ ಟ್ರಂಕಿನಲ್ಲಿ ಇದ್ದಬದ್ದ ಸೀರೆಗಳನ್ನೆಲ್ಲ ತುಂಬಿದೆ. ಅಂಗಿಯನ್ನು ಗೂಟದಲ್ಲೇ ಬಿಡಬೇಕೋ ತೆಗೆದುಕೊಳ್ಳಬೇಕೋ ತಿಳಿಯದೆ ಕೊನೆಗೆ ಸೆರಗಿನೊಳಗೆ ಸುತ್ತಿಕೊಂಡೆ.

ಬೆಳಿಗ್ಗೆ ಎದ್ದಾಗ ಅಂಗಳವೇ ಇರಲಿಲ್ಲ. ಅಂಥ ಮಂಜು ನಾನು ಅದಕ್ಕೆ ಮೊದಲೂ ನೋಡಿಲ್ಲ, ಆಮೇಲೂ ನೋಡಿಲ್ಲ. ಮನೆಯಿಂದ ಪ್ಲಾಟ್‌ಫಾರಮ್ಮಿಗೆ ನಾಲ್ಕು ಹೆಜ್ಜೆ, ಅದಕ್ಕೂ ಅತ್ತೆಯ ಕೈ ಹಿಡಿದು ಹೋದೆ. ಬೆಂಗಳೂರಿನಿಂದ ಬಂದು ಮಂಡ್ಯದ ಕಡೆ ಹೋಗುವ ರೈಲಿಗೆ ಕಾಯುತ್ತ ಕೂತೆವು. ಮಾವನ ಮುಖ ಬಿಳಿಚಿಕೊಂಡಿತ್ತು. ಆ ವಾರವೆಲ್ಲ ಬಿಡದೆ ಮಂಜು ಬಿದ್ದು ಪಟಾಕಿಯ ಡಬ್ಬ ಬರಿದಾಗಿತ್ತು. ಹೊಸ ಡಬ್ಬ ಬರಬೇಕಾಗಿದ್ದುದು, ನಗಬೇಡಿ, ಅದೇ ರೈಲಿನಲ್ಲಿ.

ಎಂಟು ಗಂಟೆಯಾಯಿತು. ಮಾವನ ಎಂಟು ಗಂಟೆ. ಬಿಸಿಲು ಬೀಳಲಿಲ್ಲ. ಒಂಬತ್ತಾಯಿತು. ವಡೆ ಮಾರುವವನು ಒಂದು ಒಬ್ಬೆ ಕರಿದು, ಆರಿದ ಮೇಲೆ ತಾನೇ ಎರಡು ತಿಂದು, ಮತ್ತೆ ಬಾಣಲೆ ಇಟ್ಟ. ಹೊಳೆಯಾಚೆ ಎಲ್ಲೋ ದೂರದಲ್ಲಿ ಒಂದು ಸೀಟಿ ಕೇಳಿಸಿದ ಹಾಗಾಯಿತು, ಮತ್ತೆ ಇಲ್ಲ. ಮಾವ ಲ್ಯಾಂಪು ಹಚ್ಚಿಕೊಂಡು ಯಾರಿಗೂ ಹೇಳದೆ ಸೇತುವೆಯ ಕಡೆ ಹಳಿಯ ಗುಂಟ ಹೋದರು. ಲ್ಯಾಂಪಿನ ಕೆಂಪು ಎರಡು ಮಾರು ಹೋಗುವಷ್ಟರಲ್ಲಿ ನುಂಗಿಹೋಯಿತು.

ಅಪ್ಪನಿಗೆ ತಾಳ್ಮೆ ಕಡಿಮೆ. ಎದ್ದು ಸ್ಟೇಷನ್ ಮಾಸ್ತರರ ಕೋಣೆಗೆ ಹೋಗಿ ವಿಚಾರಿಸಿಕೊಂಡು ಬಂದರು.

"ಏನಂತೆ ಬೀಗ್ರೇ?" ಎಂದರು ಅತ್ತೆ.

ಅಪ್ಪ ಟವೆಲು ಕೊಡವಿ ಹೆಗಲಿಗೆ ಹಾಕಿಕೊಳ್ಳುತ್ತ ಹೇಳಿದರು: "ಒಳೆ ಆಚ್ಗೆ ನಿಂತ್ಬುಟ್ಟದಂತೆ. ಮಂಜು ಬುಡ್ನಿಲ್ಲ, ಅದ್ಕೇ ಬರಕ್ಕಾಗ್ನಿಲ್ವಂತೆ."

ಹೇಳಿ ಕೂರಲು ಹೋದವರು ಅರ್ಧಕ್ಕೇ ನಿಂತರು. ಅತ್ತೆ ಬಾಯಿ ತೆರೆದವರು ತೆರೆದ ಹಾಗೇ ಇದ್ದರು.

"ಅಪ್ಪಾ, ಇನ್ನೊಂದ್ಸಲ ಯೋಳು" ಎಂದೆ.

ಅಪ್ಪ ಮಂಜಿನ ಕಡೆ ನೋಡಿದರು. ಆಮೇಲೆ ನನ್ನ ಕಡೆ ನೋಡಿದರು. ಬಾಯಿಂದ ಜಾರಿದ ಮಾತನ್ನು ಮತ್ತೆ ಒಳಗೆ ಎಳೆದುಕೊಂಡು ಅಗಿಯುತ್ತಿರುವವರಂತೆ ಕಂಡರು. "ಅಲ್ಲವ್ವ, ಅದು ರೈಲು. ಇದು ಮನುಸ" ಎಂದರು, ಆದರೆ ದನಿಯಲ್ಲಿ ಬಲವಿರಲಿಲ್ಲ.

"ಅವ್ರು ಇರದೂ ರೈಲ್ನಲ್ಲೇ ಅಲ್ವಾ ಅಪ್ಪಾ?" ಎಂದೆ.

ಅಷ್ಟು ಹೇಳುವಷ್ಟರಲ್ಲಿ ನನಗೆ ನಗು ಬಂತು. ಶುರುವಾದದ್ದು ನಗುವೇ, ಎಲ್ಲಿ ಅಳುವಾಯಿತೋ ಗೊತ್ತಾಗಲಿಲ್ಲ. ಸೆರಗಿನೊಳಗಿದ್ದ ಅಂಗಿಯಿಂದಲೇ ಮುಖ ಒರೆಸಿಕೊಂಡೆ. ಅಪ್ಪ ಅದನ್ನು ನೋಡಿದರು. ಅದು ಯಾರ ಅಂಗಿ ಎಂದು ಅವರು ಕೇಳಬೇಕಾಗಿರಲಿಲ್ಲ.

ಹತ್ತು ಗಂಟೆ ದಾಟಿದ ಮೇಲೆ ಮಂಜಿನೊಳಗಿಂದ ಮಾವ ಬಂದರು. ಮುಂದೆ ಲ್ಯಾಂಪು ಹಿಡಿದು ಅವರು ನಡೆಯುತ್ತಿದ್ದರು, ಹಿಂದೆ ಹೆಜ್ಜೆ ಹೆಜ್ಜೆಗೂ ಉಸಿರು ಬಿಡುತ್ತ ಇಂಜಿನ್ನು. ಹಗ್ಗ ಹಿಡಿದು ಎತ್ತನ್ನು ಮನೆಗೆ ಹೊಡೆದುಕೊಂಡು ಬಂದ ಹಾಗೆ ರೈಲನ್ನು ತಂದಿದ್ದರು. ಸೇತುವೆಗೂ ಮುಂಚೆ ಸಿಗಬೇಕಾದ ಪಟಾಕಿಯ ಸದ್ದು ಕೇಳದ ಡ್ರೈವರ್, ಎಲ್ಲಿಗೆ ಬಂದೆನೆಂದು ತಿಳಿಯದೆ ಸೇತುವೆ ಹತ್ತದೆ ಆಚೆಯೇ ನಿಲ್ಲಿಸಿದ್ದನಂತೆ. "ಪಟಾಕಿ ಕೇಳ್ದೆ ಮದ್ದೂರ್ಗೆ ಎಂಗ್ ಬರ್ಲಿ ಗೌಡ್ರೇ ಅಂದ" ಎಂದರು ಮಾವ. ಅತ್ತೆ ಅವರ ಕಿವಿಯ ಹತ್ತಿರ ಬಗ್ಗಿ ಅಪ್ಪ ಆಡಿದ ಮಾತನ್ನು ಹೇಳಿದರು. ಮಾವ ಲ್ಯಾಂಪನ್ನು ಕೆಳಗಿಟ್ಟು ಕಂಬಳಿಯ ಕೊಪ್ಪೆ ತೆಗೆದರು. ಗಡ್ಡದ ಮೇಲೆಲ್ಲ ಹನಿ ಕೂತಿತ್ತು.

"ಅಂಗಾರೆ ನನ್ ಮಗ ಇರೋ ಕಡೆ ಮಂಜು ಎಂತಾದ್ದಿರ್ಬೇಕು" ಎಂದರು. ಆ ದಿನದಿಂದ ಅವರು ತಮ್ಮ ಹೆಮ್ಮೆಯ ಮಾತನ್ನು ಮತ್ತೆ ಆಡಿದ್ದನ್ನು ನಾನು ಕೇಳಲಿಲ್ಲ.

"ಶಿವರಾತ್ರಿ ಗಂಟ ನೋಡವ" ಎಂದು ಅಪ್ಪ ಒಬ್ಬರೇ ರೈಲು ಹತ್ತಿದರು. ಆ ಗಡಿಬಿಡಿಯಲ್ಲಿ ನನ್ನ ಟ್ರಂಕನ್ನು ಇಳಿಸುವುದು ಯಾರಿಗೂ ನೆನಪಾಗಲಿಲ್ಲ. ಸೀರೆಗಳೆಲ್ಲ ಕೊತ್ತತ್ತಿಗೆ ಹೋದವು, ನಾನು ಮದ್ದೂರಿನಲ್ಲಿ ಉಳಿದೆ. ಮುಂದಿನ ದಿನಗಳಲ್ಲಿ ಅತ್ತೆಯ ಸೀರೆ ಉಟ್ಟು ಬಾವಿಗೆ ಹೋಗುತ್ತಿದ್ದೆ. ಅದು ಮೊಣಕಾಲ ಕೆಳಗೆ ಸ್ವಲ್ಪ ಬಂದು ನಿಲ್ಲುತ್ತಿತ್ತು.

ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಓಡುತ್ತದೆ ಎನ್ನುತ್ತಾರೆ. ಅದು ಓಡುವ ಮೊದಲೇ ಅವರು ಬಂದರು. ತೆಳ್ಳಗೆ ಮಂಜಿದ್ದ ಬೆಳಿಗ್ಗೆ. ಹೊಸ ಡಬ್ಬದ ಪಟಾಕಿ ಎರಡೂ ಸರಿಯಾಗಿ ಸಿಡಿದವು. ನಾನು ಬಾವಿಯ ಹತ್ತಿರ ಕೊಡ ಎತ್ತಿಕೊಂಡಿದ್ದೆ. ರೈಲಿನಿಂದ ಇಳಿದದ್ದು ದಪ್ಪ ಉಣ್ಣೆಯ ಕೋಟಿನ ಒಬ್ಬ ಮನುಷ್ಯ. ಮೂಗಿನ ಮೇಲೆ ಚರ್ಮ ಸುಲಿದಿದೆ, ತುಟಿ ಒಡೆದು ಕಪ್ಪಾಗಿದೆ. ನನ್ನ ಉದ್ದ ಸಾಲದ ಸೀರೆಯನ್ನು ನೋಡಿ ಮೊದಲು ನಕ್ಕವರು ಅವರೇ. ನಗುವಿನಿಂದ ಗುರುತು ಹಿಡಿದೆ.

ಅತ್ತೆ ಬಾಗಿಲಲ್ಲೇ ಅಡ್ಡ ನಿಂತರು. ಎಲ್ಲ ಗೊತ್ತಾದ ಮೇಲೂ ಕೇಳದೆ ಬಿಡುವ ಹೆಂಗಸಲ್ಲ. "ಎಲ್ಲಪ್ಪಾ ನಿನ್ ಮಂಜು?"

"ಅಲ್ಲೇ ಅದೆ ಕಣವ್ವ" ಎಂದರು ಇವರು, ಏನೂ ಅರಿಯದೆ. "ನಾನ್ ಬರೋವತ್ಗೂ ಸೊಂಟದ ಗಂಟ ಬಿದ್ದಿತ್ತು. ಸನಿಕೇಲಿ ತೆಗ್ದು ತೆಗ್ದು ಕೈಯೆಲ್ಲಾ ಬೊಬ್ಬೆ."

"ಸನಿಕೇಲಾ? ಮಂಜನ್ನಾ?" ಅತ್ತೆ ದಾರಿ ಬಿಟ್ಟರು.

ಆ ಸಂಜೆ ಒಲೆಯ ಮುಂದೆ ಕೂತು ಅವರು ಹೇಳಿದ್ದನ್ನು ನಾವು ಬಾಯಿ ಬಿಟ್ಟುಕೊಂಡು ಕೇಳಿದೆವು. ಅಲ್ಲಿಯ ಮಂಜು ಅರಳೆಯ ಹಾಗೆ ಉದುರುತ್ತದಂತೆ, ಉದುರಿದ್ದು ಏಳುವುದಿಲ್ಲವಂತೆ. ಬಿದ್ದದ್ದರ ಮೇಲೆ ಬಿದ್ದು ಹಳಿ ಮುಚ್ಚಿ, ಕೈಕಂಬ ಅರ್ಧ ಮುಚ್ಚಿ, ಬೆಟ್ಟದ ಕಣಿವೆಯೇ ತುಂಬಿಕೊಳ್ಳುತ್ತದಂತೆ. ಆಗ ಇಂಜಿನ್ನಿನ ಮೂತಿಗೆ ಕಬ್ಬಿಣದ ನೇಗಿಲು ಕಟ್ಟುತ್ತಾರಂತೆ.

"ರೈಲ್ಗೆ ನೇಗ್ಲಾ?" ಎಂದರು ಅತ್ತೆ. "ಏನ್ ಉಳಾಕೆ?"

"ಮಂಜ ಉಳಾಕೆ ಕಣವ್ವ."

"ಉತ್ಬುಟ್ಟು ಏನ್ ಬಿತ್ತೀರ್ಲಾ ಅಲ್ಲಿ?"

ಮಾವ ಮಾತ್ರ ನಗಲಿಲ್ಲ. ಒಂದೊಂದನ್ನೂ ಕೆದಕಿ ಕೇಳಿದರು. ಎರಡು ಇಂಜಿನ್ನು ಜೋಡಿಸಿ, ಹಿಂದಕ್ಕೆ ಹೋಗಿ, ಓಡಿ ಬಂದು ಮಂಜಿನ ಗೋಡೆಗೆ ಗುದ್ದುತ್ತಾರೆ. ಗುದ್ದಿದಷ್ಟು ಸೀಳುತ್ತದೆ, ಮತ್ತೆ ಸಿಕ್ಕಿಹಾಕಿಕೊಳ್ಳುತ್ತದೆ. ಆಗ ಎಲ್ಲರೂ ಇಳಿದು ಸನಿಕೆ ಹಿಡಿಯಬೇಕು. ನೀರು ತುಂಬುವ ಕೊಳಾಯಿ ಗಡ್ಡೆ ಕಟ್ಟಿದರೆ ಬುಡಕ್ಕೆ ಬೆಂಕಿ ಹಾಕಿ ಕರಗಿಸಬೇಕು. ಒಂದು ಸಲ ರೈಲು ಮುಂದಕ್ಕೂ ಹೋಗದೆ ಹಿಂದಕ್ಕೂ ಬಾರದೆ ಕಣಿವೆಯಲ್ಲೇ ದಿನಗಟ್ಟಲೆ ನಿಂತಿತಂತೆ. ಇಂಜಿನ್ನಿನ ಬೆಂಕಿ ಆರಿದರೆ ಕೊಳವೆಯೊಳಗಿನ ನೀರು ಹೆಪ್ಪುಗಟ್ಟಿ ಕೊಳವೆಯೇ ಸೀಳುತ್ತದೆ. ಬೆಂಕಿ ಉಳಿಸಲು ಕಲ್ಲಿದ್ದಲನ್ನು ಚಿಟಿಕೆ ಚಿಟಿಕೆಯಾಗಿ ಹಾಕಿ, ನೀರಿಗೆ ಅದೇ ಮಂಜನ್ನು ಸನಿಕೆಯಲ್ಲಿ ತುಂಬಿ, ಉಸ್ತಾದ್ ಎಂದು ಎಲ್ಲರೂ ಕರೆಯುತ್ತಿದ್ದ ಮುದುಕ ಡ್ರೈವರೂ ಇವರೂ ಸರದಿಯಂತೆ ಎಚ್ಚರವಿದ್ದರಂತೆ. ಈ ಕೋಟು ಆ ಉಸ್ತಾದನದೇ. ರಜೆಗೆ ಹೊರಟಾಗ ಬಿಚ್ಚಿ ಕೊಟ್ಟನಂತೆ.

"ಪಟಾಕಿ ಇಡ್ತಾರಾ?" ಎಂದು ಮಾವ ಕೇಳಿದರು.

"ಇಟ್ರೂ ಕೇಳಾಕಿಲ್ಲ ಕಣಪ್ಪ. ಮಂಜು ಬಿದ್ದ ಮೇಲೆ ಸದ್ದೇ ಸತ್ತೋಯ್ತದೆ. ನಮ್ಮೆದೆ ಬಡ್ಕೊಳದು ನಮ್ಗೇ ಕೇಳುಸ್ತದೆ."

ಇದನ್ನು ಹೇಳುವಾಗ ಅವರ ದನಿ ತಗ್ಗಿತು. ಕಣ್ಣು ಒಲೆಯ ಮೇಲಿತ್ತು, ನೋಡುತ್ತಿದ್ದುದು ಒಲೆಯನ್ನಲ್ಲ. ಹೆಂಗಸಿಗೆ ಇಂಥದ್ದು ಬೇಗ ತಿಳಿಯುತ್ತದೆ. ಮಂಜು ಎಂಬ ಹೆಂಗಸು ಇಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದ ನನಗೆ ಸಣ್ಣಗೆ ಹೊಟ್ಟೆಕಿಚ್ಚು ಶುರುವಾಯಿತು. ಮಾವ ಹೇಳಿದ್ದು ಪೂರ್ತಿ ಸುಳ್ಳಾಗಿರಲಿಲ್ಲ.

"ನಂಗೂ ತೋರ್ಸಿ" ಎಂದೆ, ನಾವಿಬ್ಬರೇ ಇದ್ದಾಗ. "ಎಂಗದೆ ಅಂತ ನೋಡ್ಬೇಕು."

ಒಂದು ಬೆಳಿಗ್ಗೆ, ಬೆಳಕು ಹರಿದ ಮೇಲೆ, ನನ್ನನ್ನು ಹಳಿಯ ಗುಂಟ ಕೈಕಂಬದ ಆಚೆಗೆ ಕರೆದುಕೊಂಡು ಹೋದರು. ಅದೇ ಆ ವರ್ಷದ ಕೊನೆಯ ಮಂಜು. ಎರಡೂ ಕಡೆ ಕಡಿಯದೆ ಉಳಿದ ಕಬ್ಬು ಸೂಲಂಗಿ ಬಿಟ್ಟಿತ್ತು. ಕಬ್ಬಿನ ಹೂವನ್ನು ಹುಟ್ಟಿದಾಗಿನಿಂದ ನೋಡಿದವಳು ನಾನು. ಸೂಲಂಗಿ ಬಿಟ್ಟರೆ ರಸ ಕೆಟ್ಟಿತೆಂದು ಅಪ್ಪ ಬೈಯುತ್ತಿದ್ದುದಷ್ಟೇ ಗೊತ್ತು. ಅವತ್ತು ಕೆಳಗಿನ ಹಸಿರೆಲ್ಲ ಮಂಜಿನಲ್ಲಿ ಮುಚ್ಚಿಹೋಗಿ, ಮೇಲೆ ಬರೀ ಬಿಳಿ ಗರಿಗಳು ಕಣ್ಣಿಗೆ ಕಾಣುವವರೆಗೂ ಹರಡಿದ್ದವು. ಅವರು ಕೈಗೆ ಸಿಕ್ಕಿದ ಒಂದು ಜಲ್ಲೆಯನ್ನು ಹಿಡಿದು ಅಲ್ಲಾಡಿಸಿದರು. ಬಿಳಿ ಎಳೆಗಳು ನನ್ನ ತಲೆಯ ಮೇಲೆ, ಮೈಮೇಲೆ, ಅತ್ತೆಯ ಸೀರೆಯ ಮೇಲೆ ಉದುರಿದವು.

"ಇಂಗೇಯಾ" ಎಂದರು. "ಇಂಗೇ ಬೀಳದು. ಆದ್ರೆ ತಣ್ಗಿರ್ತದೆ. ಕೈಲಿಟ್ಕಂಡ್ರೆ ನೀರಾಯ್ತದೆ."

ಆಮೇಲೆ ಹೇಳಿದರು: "ಮುಂದಿನ್ ಚಳೀಲಿ ಪಾಸು ತಗಂಡು ನಿನ್ನೇ ಕರ್ಕೊಂಡೋಯ್ತೀನಿ ಕಣೇ. ಉಸ್ತಾದ್‌ಗೂ ಯೋಳ್ಬುಟ್ಟು ಬಂದಿವ್ನಿ. ಇಂಜಿನ್ ಮ್ಯಾಲೆ ಕೂರ್ಸ್ಕಂಡು ತೋರುಸ್ತೀನಿ ಅಂದವ್ನೆ."

ನಾನು ಹೂಂ ಎಂದೆ. ರಜೆ ಮುಗಿಯಿತು, ಅವರು ಹೋದರು. ಆ ವರ್ಷವೆಲ್ಲ ಮನೆಕೆಲಸದ ನಡುವೆ ನಾನು ಆ ರೈಲಿನಲ್ಲೇ ಕೂತಿದ್ದೆ. ಒಂದು ಉಣ್ಣೆ ಶಾಲನ್ನೂ ತರಿಸಿಟ್ಟುಕೊಂಡೆ. ಮುಂದಿನ ಚಳಿಗಾಲಕ್ಕೆ ಆ ಕಡೆ ಗಲಾಟೆ ಶುರುವಾಗಿತ್ತು. ಹೆಂಗಸರನ್ನು ಕರೆತರುವ ಕಾಲವಲ್ಲ ಎಂದು ಕಾರ್ಡು ಬಂತು. ಅದರ ಮುಂದಿನ ಚಳಿ ಬರುವಷ್ಟರಲ್ಲಿ ದೇಶ ಎರಡಾಗಿತ್ತು. ಲೈನು, ಬೆಟ್ಟ, ನೇಗಿಲು ಕಟ್ಟಿದ ಇಂಜಿನ್ನು, ಉಸ್ತಾದ್ ಎಲ್ಲ ಆಚೆ ಉಳಿದರು. ಇವರು ಹೇಗೋ ಜೀವ ಹಿಡಿದುಕೊಂಡು ಊರು ಸೇರಿದರು. ಆಮೇಲೆ ಉಸ್ತಾದ ಇದ್ದಾನೋ ಇಲ್ಲವೋ ತಿಳಿಸುವವರು ಯಾರೂ ಇರಲಿಲ್ಲ.

ಅವರು ನಿವೃತ್ತಿಯಾಗುವವರೆಗೆ ಇದೇ ಮೈಸೂರು ಲೈನಿನಲ್ಲಿ ಇಂಜಿನ್ನು ಓಡಿಸಿದರು. ನಾವು ಚೆನ್ನಾಗಿಯೇ ಬಾಳಿದೆವು. ಮಗಳು ಹುಟ್ಟಿದಾಗ ಮಂಜುಳ ಎಂದು ಹೆಸರಿಡೋಣ ಎಂದರು. ಅತ್ತೆ ಪೊರಕೆ ತೆಗೆದುಕೊಂಡು ಬಂದರು. ತಡವಾಗಿ ಮನೆಗೆ ಬಂದರೆ ನಾನು ಬಾಗಿಲು ತೆಗೆಯುವ ಮೊದಲೇ, "ಮಂಜು ಬುಡ್ನಿಲ್ಲ ಕಣೇ, ಅದ್ಕೇ ಬರಕ್ಕಾಗ್ನಿಲ್ಲ" ಎನ್ನುತ್ತಿದ್ದರು, ಬೇಸಿಗೆಯಲ್ಲೂ. ಜಗಳವಾಡಲು ನಿಂತವಳಿಗೆ ನಗು ಬಂದುಬಿಡುತ್ತಿತ್ತು. ಆದರೆ ಪ್ರತಿ ಧನುರ್ಮಾಸದ ಬೆಳಿಗ್ಗೆ ಆ ಹಳೇ ಕೋಟು ಹಾಕಿಕೊಂಡು ಹೊಸಿಲಲ್ಲಿ ನಿಂತು, ನಮ್ಮ ಮಂಜು ಕರಗುವುದನ್ನು ಕರಗಿ ಮುಗಿಯುವವರೆಗೂ ನೋಡುತ್ತಿದ್ದರು. ನಾನು ಕಾಫಿ ಲೋಟ ಹಿಡಿದು ಹಿಂದೆ ನಿಂತಿರುತ್ತಿದ್ದೆ, ಕರೆಯುತ್ತಿರಲಿಲ್ಲ. ಸವತಿಯ ಮುಖವನ್ನೇ ನೋಡದೆ ಬಾಳಿದ ಹೆಂಗಸು ಈ ಸೀಮೆಯಲ್ಲಿ ನಾನೊಬ್ಬಳೇ ಇರಬೇಕು. ಒಂದು ಸಲ ನೋಡಬೇಕಿತ್ತು. ಅವರ ಪಕ್ಕದಲ್ಲಿ ನಿಂತು ನೋಡಬೇಕಿತ್ತು.

"ಅವ್ವಾ, ಕೇಳಿದ್ದು ಕೇಳಿಸ್ಲಿಲ್ವಾ? ಎಷ್ಟೊತ್ತಾಯ್ತು, ಮುಹೂರ್ತಕ್ಕೆ ಹೋಗ್ತೀವೋ ಇಲ್ವೋ" ಎಂದಳು ಸುಶೀಲ.

ಕಿಟಕಿಯಾಚೆ ಸ್ವಲ್ಪ ಸ್ವಲ್ಪವೇ ತಿಳಿಯಾಗುತ್ತಿತ್ತು. ಮೊದಲು ಕಂಡದ್ದು ಸೂಲಂಗಿ.

"ಮಂಜು ಬುಡ್ನಿಲ್ಲ ಕಣವ್ವ" ಎಂದೆ.

ಅವಳು ಥಟ್ಟನೆ ನನ್ನ ಕಡೆ ತಿರುಗಿದಳು. ಅಪ್ಪನ ಮಾತು ಅವಳಿಗೂ ಗೊತ್ತಿತ್ತಲ್ಲ. ನನ್ನ ಕೈ ಹಿಡಿದುಕೊಂಡಳು. ಸ್ವಲ್ಪ ಹೊತ್ತಿಗೆ ರೈಲು ಮೆಲ್ಲಗೆ ಅಲ್ಲಾಡಿತು. ಸೇತುವೆ ಹತ್ತುವ ಮೊದಲೇ ಇಂಜಿನ್ನಿನ ಚಕ್ರದ ಕೆಳಗೆ ಢಮ್ ಎಂದಿತು. ಸುಶೀಲ ಬೆಚ್ಚಿದಳು.

"ಇನ್ನೊಂದದೆ, ಇರು" ಎಂದು ನಾನು ಕಿವಿಗೊಟ್ಟು ಕೂತೆ.